ಆಟಕ್ಕುಂಟು, ಲೆಕ್ಕಕ್ಕಿಲ್ಲ: ಮೂರನೆಯ ಮಗುವಿಗಾಗಿ ಮೂರು ಅಧಿವೇಶನ

ಅಮೆರಿಕದ ಒಂದು ರಾಜ್ಯದಲ್ಲಿ ಬಡ ತಾಯಂದಿರ ಕೊನೆಯ ಮಗುವನ್ನು ಸಹಾಯಧನದ ಲೆಕ್ಕದಿಂದ ಹೊರಗಿಡುವ ಕಾನೂನೊಂದಿತ್ತು. ಅದನ್ನು ರದ್ದು ಮಾಡಿಸಲು ಚರ್ಚು, ಮಸೀದಿ, ಯಹೂದಿಗಳ ಸಿನಗಾಗ್, ಗುರುದ್ವಾರ, ದೇವಸ್ಥಾನಗಳು ಸೇರಿ ಮೂರು ವರ್ಷ ಓಡಾಡಿದವು. ನಮ್ಮ ದೇವಸ್ಥಾನದ ಪರವಾಗಿ ಆ ಓಡಾಟದಲ್ಲಿ ನಾನೂ ಇದ್ದೆ. ಎಲ್ಲಿ ಎಡವಿದೆವು, ಎಲ್ಲಿ ದಾರಿ ತಿರುಗಿತು ಎನ್ನುವುದು ಇಂಥ ಕೆಲಸಕ್ಕೆ ಕೈಹಾಕುವವರಿಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ರಾಜ್ಯ ಯಾವುದು, ಜನ ಯಾರು ಎಂದು ಹೇಳುವುದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಕಾನೂನು ಹೇಗಿತ್ತು

ಅಮೆರಿಕದಲ್ಲಿ ಬಡ ಮಕ್ಕಳ ಕುಟುಂಬಗಳಿಗೆ ನಗದು ಸಹಾಯ ಶುರುವಾದದ್ದು 1935ರ ಸೋಷಿಯಲ್ ಸೆಕ್ಯುರಿಟಿ ಕಾನೂನಿನಿಂದ. ಆಗಸ್ಟ್ 1996ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಕಾನೂನು ಆ ಏರ್ಪಾಟನ್ನು ಪೂರ್ತಿ ಬದಲಿಸಿತು. ಹೊಸ ಯೋಜನೆಯನ್ನು ಇಲ್ಲಿಯವರು ಟ್ಯಾನಿಫ್ ಎನ್ನುತ್ತಾರೆ. ಕೇಂದ್ರ ಸರ್ಕಾರ ವರ್ಷಕ್ಕೆ ಸುಮಾರು 1,650 ಕೋಟಿ ಡಾಲರ್ ಇಡಿಗಂಟು ಕೊಡುತ್ತದೆ. ಬೆಲೆಗಳು ಏರಿದರೂ ಆ ಮೊತ್ತ ಏರಿಲ್ಲ. ಯಾರಿಗೆ ಎಷ್ಟು ಕೊಡಬೇಕು, ಯಾರಿಗೆ ಕೊಡಬಾರದು ಎಂಬುದನ್ನು ಬಹುಮಟ್ಟಿಗೆ ರಾಜ್ಯಗಳೇ ತೀರ್ಮಾನಿಸುತ್ತವೆ. ಹೀಗಾಗಿ ಬಡ ಮಗುವಿನ ಹಣೆಬರಹ ಅದು ಯಾವ ರಾಜ್ಯದಲ್ಲಿ ಹುಟ್ಟಿತು ಎಂಬುದರ ಮೇಲೆ ನಿಂತಿದೆ.

ರಾಜ್ಯಗಳು ಮಾಡಿಕೊಂಡ ನಿಯಮಗಳಲ್ಲಿ ಒಂದು ‘ಫ್ಯಾಮಿಲಿ ಕ್ಯಾಪ್’. ಸಹಾಯಧನ ಪಡೆಯುತ್ತಿರುವ ತಾಯಿ ಆಗಲೇ ಇನ್ನೊಂದು ಮಗು ಹೆತ್ತರೆ ಆ ಮಗುವಿನ ಪಾಲು ಕೊಡುವಂತಿಲ್ಲ. 1992ರಲ್ಲಿ ಇದನ್ನು ಮೊದಲು ತಂದದ್ದು ನ್ಯೂಜೆರ್ಸಿ. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಅದೇ ಹಾದಿ ಹಿಡಿದವು, ನಮ್ಮದೂ ಸೇರಿ. ಹಣ ಸಿಗದಿದ್ದರೆ ಮಕ್ಕಳನ್ನು ಹೆರುವುದಿಲ್ಲ ಎಂಬುದು ಅದರ ಹಿಂದಿನ ತರ್ಕ. ಆ ತರ್ಕಕ್ಕೆ ಆಧಾರವಿದೆಯೇ ಎಂದು ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2001ರಲ್ಲಿ ನೋಡಿತು. ಆವರೆಗಿನ ಅಧ್ಯಯನಗಳನ್ನು ನಂಬಿ ಹಾಗೆ ಹೇಳಲಾಗದು ಎಂದಿತು. ಕಾನೂನು ಮಾತ್ರ ಅಲುಗಲಿಲ್ಲ.

ಅದೇ ಮಗುವನ್ನು ಸ್ನ್ಯಾಪ್, ಅಂದರೆ ಆಹಾರದ ಕಾರ್ಡಿನ ಯೋಜನೆ, ಎಣಿಸುತ್ತದೆ. ವೈದ್ಯಕೀಯ ನೆರವಿನ ಮೆಡಿಕೈಡ್ ಕೂಡ ಎಣಿಸುತ್ತದೆ. ನಗದಿನ ಕಡತದಲ್ಲಿ ಮಾತ್ರ ಮಗು ಇಲ್ಲ. ನಾವು ಚಿಕ್ಕವರಿದ್ದಾಗ ಆಟಕ್ಕೆ ಹಟ ಮಾಡುವ ಪುಟ್ಟ ತಮ್ಮನನ್ನು ಸೇರಿಸಿಕೊಂಡು, ಅವನು ಔಟಾದರೂ ಗೆದ್ದರೂ ಎಣಿಸುತ್ತಿರಲಿಲ್ಲವಲ್ಲ, ಹಾಗೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಡೈಪರ್‌ ಕಥೆ

ಒಂದು ಚರ್ಚಿನ ಬೇಸ್‌ಮೆಂಟಿನಲ್ಲಿ ಬಡವರಿಗೆ ದಿನಸಿ ಹಂಚುವ ಪ್ಯಾಂಟ್ರಿ ಇತ್ತು. ನಮ್ಮ ದೇವಸ್ಥಾನದಿಂದ ಅಕ್ಕಿ, ಬೇಳೆ ಕೊಡಲು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಅಲ್ಲಿಗೆ ಮೂರು ಮಕ್ಕಳ ತಾಯಿಯೊಬ್ಬಳು ಬರುತ್ತಿದ್ದಳು. ಮೊದಲ ದಿನ ಅವಳು ಅಕ್ಕಿ ಕೇಳಲಿಲ್ಲ, ಡೈಪರ್ ಇದೆಯಾ ಎಂದು ಕೇಳಿದಳು. ಖಾಲಿಯಾಗಿದ್ದವು.

ಸ್ನ್ಯಾಪ್ ಕಾರ್ಡಿನಲ್ಲಿ ಡೈಪರ್ ಕೊಳ್ಳುವಂತಿಲ್ಲ. ಬಾಣಂತಿ-ಎಳೆಮಕ್ಕಳ ಪೌಷ್ಟಿಕ ಆಹಾರದ ಯೋಜನೆಯಾದ ವಿಕ್‌ನಲ್ಲೂ ಸಿಗುವುದಿಲ್ಲ. ಅದಕ್ಕೆ ನಗದೇ ಬೇಕು. ಆದರೆ ಡೈಪರ್ ಹಾಕಿಕೊಳ್ಳುವ ಮಗುವಿಗೇ ನಗದು ಇಲ್ಲ. ಮುಂದಿನದನ್ನು ಅವಳೇ ಬಿಡಿಸಿ ಹೇಳಿದಳು. ಆರು ವರ್ಷದೊಳಗಿನ ಮಗುವಿರುವ ಒಂಟಿ ತಾಯಿ ವಾರಕ್ಕೆ 20 ಗಂಟೆ ಕೆಲಸ ಅಥವಾ ತರಬೇತಿ ತೋರಿಸಬೇಕು. ಅದಕ್ಕೆ ಮಗುವನ್ನು ಡೇಕೇರಿನಲ್ಲಿ ಬಿಡಬೇಕು. ದಿನದ ಡೈಪರ್ ಚೀಲದಲ್ಲಿಟ್ಟು ಕಳಿಸದಿದ್ದರೆ ಡೇಕೇರಿನವರು ಮಗುವನ್ನು ಇಟ್ಟುಕೊಳ್ಳುವುದಿಲ್ಲ. ಡೈಪರ್ ಮುಗಿದ ದಿನ ಮಗು ಮನೆಯಲ್ಲಿ, ತಾಯಿಯೂ ಮನೆಯಲ್ಲಿ. ಗಂಟೆ ಕಡಿಮೆಯಾದರೆ ಇರುವ ಸಹಾಯಧನಕ್ಕೂ ಕತ್ತರಿ.

ಅವಳ ಮನೆಯಲ್ಲಿ ನಾನು ಕಂಡದ್ದನ್ನು ಮರೆಯಲಾರೆ. ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಐದು ಡೈಪರ್ ಸಾಲಾಗಿ ಜೋಡಿಸಿಟ್ಟಿದ್ದಳು, ಸೋಮವಾರದಿಂದ ಶುಕ್ರವಾರದವರೆಗೆ ಡೇಕೇರಿಗೆ ತೋರಿಸಲು. ರಾತ್ರಿ ಹಳೆಯ ಟವೆಲ್ಲು ಕತ್ತರಿಸಿ ಮಗುವಿಗೆ ಸುತ್ತುತ್ತಿದ್ದಳು. ಮಗುವಿನ ತೊಡೆಸಂದಿ ಕೆಂಪಗೆ ಬೆಂದಂತಿತ್ತು.

ಆ ಪ್ಯಾಂಟ್ರಿಯಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಯಾವ ದಿನ ಏನು ಬಂತು, ಏನು ಹೋಯಿತು, ಯಾವುದು ಕೇಳಿದವರಿಗೆ ಇಲ್ಲವಾಯಿತು ಎಂದು ಅದನ್ನು ನೋಡಿಕೊಳ್ಳುತ್ತಿದ್ದ ಅಜ್ಜಿ ವರ್ಷಗಳಿಂದ ಬರೆಯುತ್ತಿದ್ದರು. ನಾವ್ಯಾರೂ ಆಗ ಅದನ್ನು ತೆರೆದು ನೋಡಲಿಲ್ಲ. ಮೊದಲ ವರ್ಷ ಸೋತದ್ದಕ್ಕೆ ಅದೂ ಒಂದು ಕಾರಣವೆಂದು ಈಗ ಅನ್ನಿಸುತ್ತದೆ.

ಮೊದಲ ಅಧಿವೇಶನ

ಒಕ್ಕೂಟಕ್ಕೆ ಉತ್ಸಾಹವಿತ್ತು. ಕ್ಯಾಲಿಫೋರ್ನಿಯಾ 2016ರಲ್ಲಿ ತನ್ನ ಕ್ಯಾಪ್ ರದ್ದು ಮಾಡಿತ್ತು. ಅಲ್ಲಿ ವಿನಾಯಿತಿ ಬೇಕಾದರೆ ಅತ್ಯಾಚಾರದಿಂದ ಗರ್ಭ ನಿಂತಿತೆಂದೋ ಇಂಥದೇ ಗರ್ಭನಿರೋಧಕ ವಿಫಲವಾಯಿತೆಂದೋ ತಾಯಿ ತೋರಿಸಬೇಕಿತ್ತು. ಅದನ್ನು ಕೇಳಿ ನಮ್ಮಲ್ಲಿ ಬಹಳ ಜನಕ್ಕೆ ಮೈ ಉರಿದಿತ್ತು. ಒಬ್ಬ ಶಾಸಕಿ ಮಸೂದೆ ಮಂಡಿಸಲು ಒಪ್ಪಿದರು. ಸಮಿತಿಯ ಅಹವಾಲಿನ ದಿನ ನಿಲುವಂಗಿ ತೊಟ್ಟ ಪಾದ್ರಿಗಳು, ಟೋಪಿಯ ಯಹೂದಿ ಗುರು ರಬೈ, ಗುರುದ್ವಾರದ ಪೇಟದ ಅರ್ಚಕರು, ಇಮಾಮರು, ರೇಷ್ಮೆ ಸೀರೆಯಲ್ಲಿ ನಾನು, ಎಲ್ಲರೂ ಸಾಲಾಗಿ ಕುಳಿತೆವು. ಒಬ್ಬೊಬ್ಬರಿಗೆ ಎರಡು ನಿಮಿಷ. ಒಬ್ಬೊಬ್ಬರೂ ತಮ್ಮ ಗ್ರಂಥದಿಂದ ಬಡವರ ಬಗ್ಗೆ ಒಂದು ಮಾತು ಹೇಳಿದೆವು. ನಾನು ಅನ್ನದಾನದ ಬಗ್ಗೆ ಹೇಳಿದೆ.

ಅಧ್ಯಕ್ಷರು ತುಂಬಾ ಮರ್ಯಾದೆಯಿಂದ ಕೇಳಿಸಿಕೊಂಡರು. ಆಮೇಲೆ ಒಬ್ಬ ಸದಸ್ಯರು ಎರಡು ಪ್ರಶ್ನೆ ಕೇಳಿದರು. ಇದಕ್ಕೆ ಎಷ್ಟು ಖರ್ಚು, ಆ ಹಣ ಎಲ್ಲಿಂದ? ಈ ನಿಯಮದಿಂದ ತೊಂದರೆಯಾದ ತಾಯಿ ಯಾರಾದರೂ ಇಲ್ಲಿದ್ದಾರೆಯೇ? ಎರಡಕ್ಕೂ ನಮ್ಮಲ್ಲಿ ಉತ್ತರವಿರಲಿಲ್ಲ. ಮಸೂದೆ ಮತಕ್ಕೇ ಬರಲಿಲ್ಲ, ಆ ಸಮಿತಿಯಲ್ಲೇ ಸತ್ತಿತು.

ತಾಯಿ ಯಾಕೆ ಇರಲಿಲ್ಲ ಎಂಬುದನ್ನು ಮುಚ್ಚಿಡಬಾರದು. ನಾನು ಹೇಳಿದ ಆ ಮೂರು ಮಕ್ಕಳ ತಾಯಿ ಮಾತಾಡಲು ಒಪ್ಪಿದ್ದಳು. ಅಹವಾಲಿಗೆ ಹತ್ತು ದಿನ ಮೊದಲು ನಮ್ಮ ಒಕ್ಕೂಟದ ಒಂದು ಸಂಸ್ಥೆಯ ಪತ್ರಿಕೆಯಲ್ಲಿ ಅವಳ ಮತ್ತು ಮಗುವಿನ ಫೋಟೋ ಅಚ್ಚಾಯಿತು. ಕೆಳಗೆ ಅವಳನ್ನು ‘ಅಸಹಾಯಕ ತಾಯಿ’ ಎಂದು ಬರೆದಿದ್ದರು. ಅವಳನ್ನು ಕೇಳಿರಲಿಲ್ಲ. ದೊಡ್ಡ ಮಗಳ ಶಾಲೆಯಲ್ಲಿ ಯಾರೋ ಅದನ್ನು ತೋರಿಸಿ ನಕ್ಕರಂತೆ. ಅವಳು ಫೋನ್ ಎತ್ತುವುದನ್ನೇ ಬಿಟ್ಟಳು. ಮಾಡಿದವರಿಗೆ ಕೆಟ್ಟ ಉದ್ದೇಶವಿರಲಿಲ್ಲ, ನಿಜ. ಆದರೆ ಕೊಡುವ ಕೈಗೆ ಬರುವ ಈ ಸಲಿಗೆ ಬಹಳ ನೋವು ಮಾಡುತ್ತದೆ. ನಾನು ಅವಳ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಕ್ಷಮೆ ಕೇಳಿದೆ. ಒಳಗೆ ಕರೆಯಲಿಲ್ಲ. ಕರೆಯಬೇಕಾಗಿಯೂ ಇರಲಿಲ್ಲ.

ದೇವಸ್ಥಾನದ ಮೀಟಿಂಗು

ಎರಡನೆಯ ವರ್ಷದ ಮೊದಲ ಅಡ್ಡಿ ನಮ್ಮ ಮನೆಯೊಳಗೇ ಎದ್ದಿತು. ಆಡಳಿತ ಮಂಡಳಿಯ ಅಧ್ಯಕ್ಷರು ಹಿರಿಯರು, ದೇವಸ್ಥಾನ ಕಟ್ಟಲು ಕೈಯಿಂದ ಇಟ್ಟಿಗೆ ಹೊತ್ತವರು.

“ನೋಡಮ್ಮಾ, ಭಾನುವಾರ ಎಷ್ಟು ಜನಕ್ಕೆ ಬೇಕಾದರೂ ಊಟ ಹಾಕೋಣ. ಈ ಕಾನೂನು ಗೀನೂನು ಅಂತ ಹೋಗೋದು ಬೇಡ. ನಾಳೆ ಟ್ಯಾಕ್ಸ್ ವಿನಾಯಿತಿ ಹೋದರೆ ದೇವರ ದೀಪಕ್ಕೆ ಎಣ್ಣೆ ಯಾರು ಹಾಕ್ತಾರೆ?”

“ಸರ್, ಒಬ್ಬ ವಕೀಲರನ್ನು ಕರೆಸಿ ಕೇಳೋಣ. ಅವರು ಬೇಡ ಅಂದರೆ ನಾನೂ ಸುಮ್ಮನಾಗ್ತೀನಿ.”

ವಕೀಲರು ಬಂದು ಬಿಡಿಸಿ ಹೇಳಿದರು. 1954ರಿಂದ ಇರುವ ನಿಯಮದ ಪ್ರಕಾರ ತೆರಿಗೆ ವಿನಾಯಿತಿಯ ಧಾರ್ಮಿಕ ಸಂಸ್ಥೆ ಚುನಾವಣೆಯಲ್ಲಿ ಯಾವ ಅಭ್ಯರ್ಥಿಯ ಪರವಾಗಲಿ ವಿರುದ್ಧವಾಗಲಿ ನಿಲ್ಲುವಂತಿಲ್ಲ. ಮಸೂದೆಯ ಪರ ಮಾತಾಡುವುದು ಬೇರೆ ವಿಷಯ. ಸಂಸ್ಥೆಯ ಒಟ್ಟು ಕೆಲಸದಲ್ಲಿ ಅದು ದೊಡ್ಡ ಭಾಗವಾಗದಿದ್ದರೆ ಸಾಕು. ದೊಡ್ಡ ಭಾಗವೆಂದರೆ ಎಷ್ಟು ಎಂಬುದಕ್ಕೆ ಕಾನೂನಿನಲ್ಲಿ ಗೆರೆ ಎಳೆದಿಲ್ಲ. ಬೇರೆ ಸೇವಾಸಂಸ್ಥೆಗಳು ಖರ್ಚಿನ ನಿಗದಿತ ಮಿತಿಯನ್ನು ಆರಿಸಿಕೊಳ್ಳಬಹುದು, ಆ ಅವಕಾಶ ಚರ್ಚು-ದೇವಸ್ಥಾನಗಳಿಗಿಲ್ಲ. ಆದ್ದರಿಂದ ಕಳೆದ ಗಂಟೆ, ಖರ್ಚಾದ ಡಾಲರ್, ಎಲ್ಲದರ ಲೆಕ್ಕ ಬರೆದಿಡಿ ಎಂದರು.

ಮಂಡಳಿ ಒಪ್ಪಿತು, ಮೂರು ಷರತ್ತಿನ ಮೇಲೆ: ಶಾಸಕರ ಹೆಸರು ಹಿಡಿದು ಪ್ರಕಟಣೆ ಹೊರಡಿಸಬಾರದು, ಚುನಾವಣೆಯ ಹೊತ್ತಿಗೆ ಮೌನ, ತಿಂಗಳಿಗೊಮ್ಮೆ ಲೆಕ್ಕ. ಮುಂದೆ ಬೇರೆ ಸಂಸ್ಥೆಗಳೂ ಇದನ್ನೇ ಅಳವಡಿಸಿಕೊಂಡವು. ಭಯಪಟ್ಟವರ ಜೊತೆ ವಾದಕ್ಕಿಳಿಯದೆ ಅವರ ಭಯಕ್ಕೆ ಉತ್ತರ ತರಿಸಿದ್ದು ನಾವು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು. ಮರುವರ್ಷ ಆ ಹಿರಿಯರೇ ಪ್ಯಾಂಟ್ರಿಗೆ ಡೈಪರ್ ಪೆಟ್ಟಿಗೆ ಹೊತ್ತು ತಂದರು.

ಒಂದೇ ಪುಟ

ಅದಕ್ಕಿಂತ ದೊಡ್ಡ ಬಿರುಕು ಒಕ್ಕೂಟದೊಳಗೆ ಕಾಣಿಸಿಕೊಂಡಿತು. ಫ್ಯಾಮಿಲಿ ಕ್ಯಾಪನ್ನು ಕ್ಯಾಥೊಲಿಕ್ ಬಿಷಪ್ಪರು ದೇಶದಾದ್ಯಂತ ಮೊದಲಿನಿಂದಲೇ ವಿರೋಧಿಸಿದ್ದರು. ಹಣದ ಭಯ ತಾಯಂದಿರನ್ನು ಗರ್ಭಪಾತದ ಕಡೆ ನೂಕುತ್ತದೆ ಎಂಬುದು ಅವರ ಆತಂಕ. ಹೆರುವ ತೀರ್ಮಾನ ಹೆಣ್ಣಿನದು, ಅದರಲ್ಲಿ ಸರ್ಕಾರ ಕೈಹಾಕಬಾರದು ಎಂಬ ಕಾರಣಕ್ಕೆ ಬೇರೆ ಕೆಲವರು ಅದೇ ಕ್ಯಾಪನ್ನು ವಿರೋಧಿಸುತ್ತಿದ್ದರು. ಜಂಟಿ ಪತ್ರದಲ್ಲಿ ‘ಜೀವರಕ್ಷಣೆ’ ಎಂಬ ಮಾತು ಇರಲೇಬೇಕು ಎಂದು ಒಂದು ಬಣ, ಇದ್ದರೆ ಸಹಿ ಇಲ್ಲ ಎಂದು ಇನ್ನೊಂದು ಬಣ. ಎರಡು ಸಭೆ ಮುರಿದುಬಿದ್ದವು.

ರಬೈ ಅವರದು ಒಂದು ಸಲಹೆ. ಎಲ್ಲರೂ ಒಪ್ಪುವಷ್ಟನ್ನು ಮಾತ್ರ ಒಂದೇ ಪುಟದಲ್ಲಿ ಬರೆಯೋಣ. ಅವರವರ ಕಾರಣವನ್ನು ಅವರವರ ಲೆಟರ್‌ಹೆಡ್ಡಿನಲ್ಲಿ ಬೇರೆ ಬರೆದುಕೊಳ್ಳಲಿ. ಒಬ್ಬರು ಇನ್ನೊಬ್ಬರ ಕಾರಣವನ್ನು ಸಾರ್ವಜನಿಕವಾಗಿ ಅಲ್ಲಗಳೆಯಬಾರದು. ಕೊನೆಗೆ ಪುಟದ ಮೇಲೆ ಉಳಿದ ಮುಖ್ಯ ವಾಕ್ಯ ಇಷ್ಟು: ಮನೆಯಲ್ಲಿ ಕೊನೆಗೆ ಹುಟ್ಟಿದ ಮಗುವಿನ ಅಗತ್ಯ ಮೊದಲು ಹುಟ್ಟಿದ ಮಗುವಿನ ಅಗತ್ಯದಷ್ಟೇ ಇರುತ್ತದೆ, ಕಾನೂನು ಅದನ್ನು ಎಣಿಸಬೇಕು. ಈ ವಾಕ್ಯಕ್ಕೆ ನಾಲ್ಕು ವಾರ ಹಿಡಿಯಿತು. ಆದರೆ ಒಬ್ಬರನ್ನೊಬ್ಬರು ಎದುರಾಳಿ ಎಂದುಕೊಂಡಿದ್ದ ಎರಡು ಗುಂಪು ಒಂದೇ ಕಾಗದ ಹಿಡಿದು ಬಾಗಿಲು ತಟ್ಟಿದಾಗ, ಶಾಸಕರು ಕುರ್ಚಿಯಿಂದ ಮುಂದೆ ಬಾಗಿ ಕೇಳಿಸಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಎರಡನೆಯ ಅಧಿವೇಶನದಲ್ಲಿ ಮಸೂದೆ ಮೊದಲ ಸಮಿತಿಯನ್ನು ದಾಟಿತು. ಬಜೆಟ್ ನೋಡುವ ಸಮಿತಿಗೆ ಹೋಗಿ ಅಲ್ಲಿ ನಿಂತಿತು. ಇಲ್ಲಿ ಒಂದೆರಡನ್ನು ಬಿಟ್ಟರೆ ಎಲ್ಲ ರಾಜ್ಯಗಳೂ ಆಯ-ವ್ಯಯ ಸರಿದೂಗಿಸಲೇಬೇಕು, ಸಾಲ ಮಾಡಿ ನಡೆಸುವಂತಿಲ್ಲ. ಪ್ರತಿ ಮಸೂದೆಗೂ ಸಿಬ್ಬಂದಿ ಒಂದು ಖರ್ಚಿನ ಅಂದಾಜು ಬರೆಯುತ್ತಾರೆ. ಬಡವರ ಪರವಾದ ಎಷ್ಟೋ ಮಸೂದೆಗಳು ಆ ಕಾಗದದ ಕೆಳಗೇ ಉಸಿರುಗಟ್ಟುತ್ತವೆ. ನಮ್ಮದೂ ಹಾಗೆಯೇ ಆಯಿತು.

ನೋಟ್‌ಬುಕ್ಕು ಮತ್ತು ಒಂದು ಫಾರಂ

ಮಸೀದಿಯ ಜಮಾತಿನಲ್ಲಿ ಒಬ್ಬ ನಿವೃತ್ತ ಅಕೌಂಟೆಂಟ್ ಇದ್ದರು. ಸಭೆಗಳಲ್ಲಿ ಮಾತು ಕಡಿಮೆ. ರಾಜ್ಯಗಳು ಟ್ಯಾನಿಫ್ ಹಣದ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಕೇಂದ್ರಕ್ಕೆ ಕೊಡುವ ಎಸಿಎಫ್-196ಆರ್ ಎಂಬ ಫಾರಂ ಇದೆ. ಅವರು ನಮ್ಮ ರಾಜ್ಯದ ಹಲವು ವರ್ಷಗಳ ಫಾರಂ ಇಳಿಸಿಕೊಂಡು ರಾತ್ರಿ ಕೂತು ಓದಿದರು. ಒಂದು ದಿನ ಚಹಾದ ಲೋಟ ಪಕ್ಕಕ್ಕಿಟ್ಟು, ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದ ಒಂದು ಸಾಲನ್ನು ತೋರಿಸಿದರು: ಖರ್ಚಾಗದೆ ಉಳಿದ ಮೊತ್ತ. ವರ್ಷದಿಂದ ವರ್ಷಕ್ಕೆ ಅದು ಬೆಳೆಯುತ್ತಿತ್ತು. ಟ್ಯಾನಿಫ್ ಹಣ ವರ್ಷ ಮುಗಿದರೆ ವಾಪಸಾಗುವುದಿಲ್ಲ, ರಾಜ್ಯ ಕೂಡಿಟ್ಟುಕೊಳ್ಳಬಹುದು. ನಮ್ಮ ಮಸೂದೆಗೆ ಬೇಕಿದ್ದದ್ದು ಆ ಉಳಿಕೆಯಲ್ಲಿ ಸಣ್ಣ ಪಾಲು. ಹೊಸ ತೆರಿಗೆ ಬೇಡ, ಬೇರೆ ಇಲಾಖೆಯ ಹಣಕ್ಕೂ ಕೈಹಾಕಬೇಕಿಲ್ಲ. ಮೊದಲ ವರ್ಷ ಕೇಳಿದ ಪ್ರಶ್ನೆಗೆ ಉತ್ತರ ಸರ್ಕಾರದ ಕಾಗದದಲ್ಲೇ ಇತ್ತು.

ಅದೇ ಚಳಿಗಾಲದಲ್ಲಿ ಪ್ಯಾಂಟ್ರಿಯ ಅಜ್ಜಿಯ ನೋಟ್‌ಬುಕ್ ಹೊರಬಂತು. ನಾವು ಆರು ಜನ ಕೂತು ‘ಡೈಪರ್ ಇಲ್ಲ’ ಎಂದು ಬರೆದ ದಿನಗಳನ್ನು ಎಣಿಸಿದೆವು. ತಿಂಗಳ ಮೊದಲ ವಾರದಲ್ಲಿ ಆ ಮಾತೇ ಇಲ್ಲ. 20ನೇ ತಾರೀಕು ದಾಟಿದರೆ ಸಾಲುಸಾಲು. ಬೇರೆ ಊರಿನ ಪ್ಯಾಂಟ್ರಿಗಳನ್ನು ಕೇಳಿದರೆ ಅಲ್ಲೂ ಇಂಥವೇ ಪುಸ್ತಕಗಳು, ಅವೇ ತಾರೀಕುಗಳು. ಗ್ರಂಥದ ಮಾತು ಶಾಸಕರಿಗೂ ಗೊತ್ತಿತ್ತು. ಅವರಿಗೆ ಗೊತ್ತಿಲ್ಲದೆ ನಮಗೆ ಮಾತ್ರ ಗೊತ್ತಿದ್ದದ್ದು ಈ ನೋಟ್‌ಬುಕ್ಕುಗಳಲ್ಲಿ ಇತ್ತು. ವಾರವಾರ ಬಾಗಿಲು ತೆರೆದು ಕೂರುವವರಿಗಲ್ಲದೆ ಇನ್ಯಾರಿಗೂ ಅಂಥ ಪುಸ್ತಕ ಇರುವುದಿಲ್ಲ. ನಾವು ಎರಡು ವರ್ಷ ನಮ್ಮ ದನಿಯನ್ನೇ ನಂಬಿ, ಕಪಾಟಿನಲ್ಲಿದ್ದ ಪುಸ್ತಕವನ್ನು ಮರೆತಿದ್ದೆವು.

ಬಜೆಟ್ ಸಮಿತಿಯಲ್ಲಿ ಒಬ್ಬ ಹಿರಿಯ ಸದಸ್ಯರಿದ್ದರು. 1990ರ ದಶಕದಲ್ಲಿ ಈ ಕ್ಯಾಪಿಗೆ ಕೈ ಎತ್ತಿದವರು, ಪ್ರಾಮಾಣಿಕವಾಗಿಯೇ ಅದನ್ನು ನಂಬಿದವರು. ಅವರನ್ನು ರಾಜಧಾನಿಯಲ್ಲಿ ಮುತ್ತಿಗೆ ಹಾಕಬಾರದು ಎಂದು ತೀರ್ಮಾನಿಸಿದೆವು. ಅವರ ಕ್ಷೇತ್ರದ ಹಳ್ಳಿಯ ಚರ್ಚಿನ ಪಾಸ್ಟರ್ ಕೂಡ ‘ಜವಾಬ್ದಾರಿ ಕಲಿಯಲಿ’ ಎನ್ನುತ್ತಿದ್ದವರೇ. ನಾವು ಅವರಿಗೆ ಏನೂ ಹೇಳಲಿಲ್ಲ, ನಿಮ್ಮ ಪ್ಯಾಂಟ್ರಿಯ ಪುಸ್ತಕವನ್ನು ಒಮ್ಮೆ ನೋಡಿ ಎಂದಷ್ಟೇ ಕೇಳಿದೆವು. ಎರಡು ವಾರ ಸುದ್ದಿಯಿಲ್ಲ. ಆಮೇಲೆ ಅವರೇ ಫೋನ್ ಮಾಡಿ, ಶನಿವಾರ ತಮ್ಮ ಶಾಸಕರನ್ನು ಭೇಟಿಯಾಗುವುದಾಗಿ ಹೇಳಿದರು. ಒಬ್ಬರೇ ಹೋದರು. ಒಳಗೆ ಏನು ಮಾತಾಯಿತೋ ನಮಗೆ ತಿಳಿಯದು. ಸಮಿತಿಯ ಮುಂದಿನ ಸಭೆಯಲ್ಲಿ ಆ ಸದಸ್ಯರು ಹಣದ ಉಳಿಕೆ ಬಗ್ಗೆ ಇಲಾಖೆಯವರನ್ನು ತಾವೇ ಪ್ರಶ್ನಿಸಿದರು.

ಆ ಮೂರು ಮಕ್ಕಳ ತಾಯಿ ಈ ಹೊತ್ತಿಗೆ ತಾನಾಗಿಯೇ ಮರಳಿ ಬಂದಿದ್ದಳು. ಫೋಟೋ ಬೇಡ, ನನ್ನ ಮಾತು ನಾನೇ ಬರೆಯುತ್ತೇನೆ, ಯಾರೂ ತಿದ್ದಬಾರದು ಎಂದಳು. ಮಸೂದೆಯ ಅಹವಾಲಿನಲ್ಲಿ ಅವಳು ಕಿಟಕಿಕಟ್ಟೆಯ ಐದು ಡೈಪರ್ ಬಗ್ಗೆ ಹೇಳಿ, ಡೇಕೇರಿನ ಸಮಯವಾಯಿತೆಂದು ಎದ್ದು ಹೋದಳು. ಅವಳ ನಂತರ ಹೆಸರು ಕೊಟ್ಟಿದ್ದ ನಮ್ಮವರಲ್ಲಿ ಹೆಚ್ಚಿನವರು ಮಾತಾಡದೆ ಬಿಟ್ಟೆವು. ಅದು ಸರಿಯಾದ ತೀರ್ಮಾನ.

ರಾತ್ರಿಯ ಫೋನ್ ಕರೆ

ಅಧಿವೇಶನ ಮುಗಿಯಲು ಎಂಟು ದಿನ ಇದ್ದಾಗ ಶಾಸನಸಭೆಯ ನಾಯಕತ್ವದಿಂದ ಒಂದು ಮಾತು ಬಂತು. ಬಜೆಟ್ಟಿನಲ್ಲೇ ಸೇರಿಸುತ್ತೇವೆ, ಆದರೆ ಕಾನೂನು ಬಂದ ಮೇಲೆ ಹುಟ್ಟುವ ಮಕ್ಕಳಿಗೆ ಮಾತ್ರ. ಎಲ್ಲ ಮಕ್ಕಳಿಗೂ ಬೇಕೆಂದರೆ ಜಾರಿ ಒಂಬತ್ತು ತಿಂಗಳು ತಡ. ಬೆಳಿಗ್ಗೆಯೊಳಗೆ ತಿಳಿಸಿ.

ರಾತ್ರಿ ಹನ್ನೊಂದರವರೆಗೆ ಫೋನಿನಲ್ಲಿ ವಾದ ನಡೆಯಿತು. ಸಿಕ್ಕಷ್ಟು ತೆಗೆದುಕೊಳ್ಳೋಣ ಎಂದವರಲ್ಲಿ ನಾನೂ ಒಬ್ಬಳು. ಮೂರು ವರ್ಷ ಸುಸ್ತಾಗಿತ್ತು, ಬರಿಗೈಯಲ್ಲಿ ಹಿಂತಿರುಗುವ ಹೆದರಿಕೆಯೂ ಇತ್ತು. ಆಗ ಪ್ಯಾಂಟ್ರಿಯ ಅಜ್ಜಿ, “ನಾವ್ಯಾಕೆ ತೀರ್ಮಾನ ಮಾಡ್ತಿದೀವಿ? ಅವರನ್ನ ಕೇಳಿದ್ರಾ?” ಎಂದರು. ಅಷ್ಟು ಹೊತ್ತಿನಲ್ಲಿ ಐವರು ತಾಯಂದಿರಿಗೆ ಫೋನ್ ಮಾಡಿದೆವು. ಐವರೂ ಹೇಳಿದ್ದು ಒಂದೇ: ತಡವಾದರೂ ಆಗಲಿ, ಇರುವ ಮಕ್ಕಳನ್ನು ಬಿಡಬೇಡಿ. ಬೆಳಿಗ್ಗೆ ಹಾಗೆಯೇ ತಿಳಿಸಿದೆವು. ಬಜೆಟ್ ಅಂಗೀಕಾರವಾಯಿತು. ರಾಜ್ಯಪಾಲರ ಸಹಿಯೂ ಬಿತ್ತು. ಎಲ್ಲೆಡೆ ಇಷ್ಟು ಸಲೀಸಾಗುವುದಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ 2019ರಲ್ಲಿ ರಾಜ್ಯಪಾಲರ ವೀಟೋವನ್ನು ಶಾಸನಸಭೆ ಮೀರಬೇಕಾಯಿತು. ಮೊದಲು ಈ ನಿಯಮ ತಂದ ನ್ಯೂಜೆರ್ಸಿ ಅದನ್ನು ಕೈಬಿಟ್ಟದ್ದು 2020ರಲ್ಲಿ.

ನಮ್ಮ ಮೂರು ಮಕ್ಕಳ ತಾಯಿ ಆ ರಾತ್ರಿ ನಮಗೆ ಹೇಳದೆ ಇಟ್ಟುಕೊಂಡಿದ್ದ ವಿಷಯ ನಂತರ ತಿಳಿಯಿತು. ಕೇಂದ್ರದ ಟ್ಯಾನಿಫ್ ಹಣದಿಂದ ಕುಟುಂಬವೊಂದಕ್ಕೆ ಜೀವಮಾನದಲ್ಲಿ ಸಿಗುವುದು 60 ತಿಂಗಳು. ಅವಳ 60 ತಿಂಗಳು ಆ ಒಂಬತ್ತು ತಿಂಗಳೊಳಗೇ ಮುಗಿಯುತ್ತಿದ್ದವು. ತಡವಾಗಲಿ ಎಂದಾಗ ತನಗೆ ಸಿಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ನಾವು ಅವಧಿ ಮಿತಿಯ ಬಗ್ಗೆ ಯೋಚಿಸಿಯೇ ಇರಲಿಲ್ಲ. ಯೋಚಿಸಿದ್ದರೆ, ತಡವಾದ ತಿಂಗಳುಗಳಲ್ಲಿ ಅವಧಿ ಮುಗಿಯುವವರಿಗೆ ಹಿಂಬಾಕಿ ಕೊಡಿ ಎಂದು ಒಂದು ಸಾಲು ಸೇರಿಸಲು ಕೇಳಬಹುದಿತ್ತು. ಈ ಇಡೀ ಪ್ರಕರಣದಲ್ಲಿ ನನ್ನನ್ನು ಇವತ್ತಿಗೂ ಕೊರೆಯುವುದು ಆ ಸಾಲು. ಇಂಥ ಮಸೂದೆ ಹಿಡಿದು ಹೊರಟವರು ಜಾರಿಯ ದಿನಾಂಕದ ಪಕ್ಕದಲ್ಲಿ ಕುಟುಂಬಗಳ ಉಳಿದ ತಿಂಗಳುಗಳನ್ನೂ ಬರೆದು ನೋಡಬೇಕು.

ಜಾರಿಯ ದಿನ ಬಂದರೂ ಹಣ ತಾನಾಗಿ ಹೋಗಲಿಲ್ಲ. ಕೆಲವು ಕೌಂಟಿ, ಅಂದರೆ ಜಿಲ್ಲಾ ಕಚೇರಿಗಳ ಕಂಪ್ಯೂಟರಿನಲ್ಲಿ ಹಳೆಯ ಎಣಿಕೆ ಹಾಗೇ ಇತ್ತು. ಎಷ್ಟೋ ತಾಯಂದಿರಿಗೆ ನಿಯಮ ಬದಲಾದದ್ದೇ ಗೊತ್ತಿರಲಿಲ್ಲ. ಆದ್ದರಿಂದ ಮತ್ತೆ ಪ್ಯಾಂಟ್ರಿಗಳಿಗೇ ಹೋದೆವು. ದಿನಸಿ ಹಂಚುವ ದಿನ ಬಾಗಿಲ ಬಳಿ ಒಂದು ಮೇಜು ಹಾಕಿ, ಬಂದವರ ಕಾಗದ ನೋಡಿ ಅರ್ಜಿ ತುಂಬಿಸಿಕೊಟ್ಟೆವು. ಆ ಮೇಜಿನ ಹಿಂದೆ ಕುಳಿತವಳು ಅವಳೇ. ಕೌಂಟಿಯ ಪತ್ರದಲ್ಲಿ ಯಾವ ಸಾಲು ನೋಡಬೇಕೆಂದು ನಮಗೆಲ್ಲರಿಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು. ಮಡಿಕೆ ಬಿಡಿಸಿ, ಬೆರಳಿಟ್ಟು, ‘ಲೆಕ್ಕಕ್ಕೆ ಹಿಡಿದ ಸದಸ್ಯರು’ ಎಂಬಲ್ಲಿಗೆ ನೇರ ಹೋಗುತ್ತಿದ್ದಳು. ಮೊದಲ ಶನಿವಾರ ಬಂದ ಪತ್ರಗಳಲ್ಲಿ ಮೂರರಲ್ಲಿ ಇನ್ನೂ ಹಳೆಯ ಸಂಖ್ಯೆಯೇ ಇತ್ತು. ಅವನ್ನು ಬೇರೆ ತೆಗೆದಿಟ್ಟು, ಸಂಜೆ ಅದೇ ಮೇಜಿನ ಮೇಲೆ ಮೂರೂ ಕುಟುಂಬಗಳ ಮೇಲ್ಮನವಿ ಬರೆದೆವು.